ಕಳಸದ ದಾರಿಯಲ್ಲಿ ಒಂದು ಮೊರೊಕ್ಕೊ

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಬಸ್ಸಿನಲ್ಲಿ ಹೋಗಿದ್ದೀರಾ? ಡಿಸೆಂಬರ್‌ನಲ್ಲೇ ಹೋಗಬೇಕು. ಸಿಲ್ವರ್ ಮರಗಳ ನೆರಳಲ್ಲಿ ಕಾಫಿ ಗಿಡಗಳು ಕೆಂಪು ಹಣ್ಣು ಹೊತ್ತು ಬಾಗಿರುತ್ತವೆ. ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಮೂಡಿಗೆರೆ ದಾಟಿ, ಬಣಕಲ್ ದಾಟಿ, ಕೊಟ್ಟಿಗೆಹಾರದಲ್ಲಿ ಇಳಿದು ಬಿಸಿ ನೀರ್ ದೋಸೆ ತಿಂದು ಕಳಸದ ಬಸ್ಸು ಹತ್ತಿದರೆ ಮುಂದಿನ ದಾರಿಯೆಲ್ಲ ತಿರುವುಗಳೇ. ಹೇಮಾವತಿ ಹುಟ್ಟುವ ಜಾವಳಿಯೂ ಇದೇ ಕಡೆ. ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಕಾಫಿ ಬೀಜ ತಂದರೆಂಬ ಪ್ರತೀತಿಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದವರು. ಅರಬ್ ನಾಡಿನ ಗಿಡ ಈ ಗುಡ್ಡಗಳನ್ನೆಲ್ಲ ತುಂಬಿಕೊಂಡಿತು. ಆದರೆ ಅರಬ್ ನಾಡಿನ ಫುಟ್ಬಾಲ್ ತಂಡವೊಂದು ಇಲ್ಲಿನ ಕಾಫಿ ಕಣದವರೆಗೆ ಬರುತ್ತದೆಂದು ನಾನು ಎಣಿಸಿರಲಿಲ್ಲ.

2022ರ ಡಿಸೆಂಬರ್ 14. ತಂಗಿಗೆ ಕಾಲು ಉಳುಕಿ ಮಲಗಿದ್ದಳು. ಕೊಯ್ಲಿನ ಸಮಯ, ಮನೆ ನೋಡಿಕೊಳ್ಳುವವರಿಲ್ಲ ಎಂದು ಫೋನ್ ಬಂತು. ಶಾಲೆಗೆ ಎರಡು ದಿನ ರಜೆ ಹಾಕಿ ಹೊರಟೆ. ಅವಳ ಗಂಡ ಕಳಸದ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್. ಮನೆಯ ಮುಂದೆಯೇ ಕಣ. ಹಗಲು ಅಲ್ಲಿ ಕಾಫಿ ಒಣಗುತ್ತದೆ. ಕೊಯ್ಲು ಮುಗಿದ ಮೇಲೆ ಅದೇ ಕಣ ಹುಡುಗರ ಫುಟ್ಬಾಲ್ ಮೈದಾನ.

ಅಂದು ರಾತ್ರಿ ಹನ್ನೆರಡೂವರೆಗೆ ಕತಾರ್ ವಿಶ್ವಕಪ್‌ನ ಸೆಮಿಫೈನಲ್, ಮೊರೊಕ್ಕೊ ಮತ್ತು ಫ್ರಾನ್ಸ್. ವಿಶ್ವಕಪ್ಪಿನ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡ, ಮೊದಲ ಅರಬ್ ತಂಡವೂ ಅದೇ. ತಂಗಿಯ ಮನೆಯ ಟಿವಿಯ ಮುಂದೆ ಲೈನಿನ ಹುಡುಗರು, ಡ್ರೈವರನ ಮಗ, ಅಸ್ಸಾಮಿನಿಂದ ಕೂಲಿಗೆ ಬಂದಿದ್ದ ಇಬ್ಬರು, ಮೂಡಿಗೆರೆಯಲ್ಲಿ ಡಿಗ್ರಿ ಓದುವ ತಂಗಿಯ ಮಗ. ಅಸ್ಸಾಮಿನವರು ಬ್ರೆಜಿಲ್ ಪಕ್ಷದವರು. ಬ್ರೆಜಿಲ್ ಸೋತು ಹೋದ ಮೇಲೆ ಮೊರೊಕ್ಕೊ ಕಡೆ ಬಂದಿದ್ದರು. ನಾನು, ಮಂಚದ ಮೇಲೆ ತಂಗಿ, ಒಂಬತ್ತನೇ ತರಗತಿಯ ಅವಳ ಮಗಳು ಒಳಕೋಣೆಯಲ್ಲಿದ್ದೆವು. ನಡುವೆ ಪರದೆ. ಪರದೆಯ ಸಂದಿಯಿಂದ ಟಿವಿ ಅರ್ಧ ಕಾಣುತ್ತಿತ್ತು.

ನನಗೆ ಫುಟ್ಬಾಲ್ ಗೊತ್ತಿಲ್ಲ. ಗೊತ್ತಿದ್ದುದು ಇಷ್ಟೇ: ಪೋರ್ಚುಗಲನ್ನು ಸೋಲಿಸಿದ ದಿನ ಬೂಫಾಲ್ ಎಂಬ ಆಟಗಾರ ಮೈದಾನದಲ್ಲೇ ತಾಯಿಯೊಂದಿಗೆ ಕುಣಿದಿದ್ದ. ಹಕೀಮಿಯ ತಾಯಿ ಸ್ಪೇನಿನಲ್ಲಿ ಬೇರೆಯವರ ಮನೆ ಗುಡಿಸಿ ಒರೆಸಿ ಮಗನನ್ನು ಬೆಳೆಸಿದವಳು. ತಂಗಿಯೂ ಅಷ್ಟನ್ನೇ ಅರಿತವಳು. ತಾಯಂದಿರು ಎಂದ ಮೇಲೆ ನಮಗೆ ಆಟ ಅರ್ಥವಾಗಬೇಕಾಗಿಲ್ಲವಲ್ಲ!

ಐದನೇ ನಿಮಿಷಕ್ಕೇ ಫ್ರಾನ್ಸ್ ಗೋಲು ಹಾಕಿತು. ಹೊರಗೆ ನಿಶ್ಶಬ್ದ. ಆಗ ನನ್ನ ಪಕ್ಕದಿಂದ ಮೆಲ್ಲನೆ ಒಂದು ಮಾತು ಬಂತು. "ಖಾಲಾ, ಇವತ್ತು ಹಿಂದೆ ಐದು ಜನರನ್ನು ನಿಲ್ಲಿಸಿದ್ದಾರೆ. ಇಷ್ಟು ದಿನ ನಾಲ್ಕೇ ಇತ್ತು."

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ನಿಮಗೆ ಹೇಳುತ್ತೇನೆ. ಕೋಚ್ ರೆಗ್ರಾಗಿ ತಂಡಕ್ಕೆ ಬಂದದ್ದು ವಿಶ್ವಕಪ್ಪಿಗೆ ಮೂರೇ ತಿಂಗಳ ಮುಂಚೆ. ಅವರು ಕಲಿಸಿದ್ದು, ಚೆಂಡು ಎದುರಾಳಿಯ ಹತ್ತಿರವೇ ಇರಲಿ, ನಾವು ಜಾಗ ಬಿಟ್ಟುಕೊಡುವುದು ಬೇಡ ಎಂದು. ಹಿಂದೆ ನಾಲ್ವರು, ಅವರ ಮುಂದೆ ಕಾವಲಿಗೆ ಅಮ್ರಾಬತ್. ಸ್ಪೇನ್ ಸಾವಿರಕ್ಕೂ ಹೆಚ್ಚು ಪಾಸ್ ಮಾಡಿಯೂ ಒಂದು ಗೋಲು ಹಾಕಲಾಗಲಿಲ್ಲ. ಪೆನಾಲ್ಟಿಯಲ್ಲಿ ಗೋಲಿ ಬೂನೂ ಎರಡನ್ನು ತಡೆದ. ಸೆಮಿಫೈನಲ್‌ವರೆಗಿನ ಐದು ಪಂದ್ಯಗಳಲ್ಲಿ ಇವರ ಬಲೆಗೆ ಬಿದ್ದದ್ದು ಒಂದೇ ಗೋಲು, ಅದೂ ಕೆನಡಾ ವಿರುದ್ಧ ತಮ್ಮವನ ಕಾಲಿನಿಂದಲೇ. ಆದರೆ ಅಂದು ಡಿಫೆಂಡರ್ ಅಗೆರ್ದ್ ಆಟ ಶುರುವಾಗುವ ಮುಂಚೆಯೇ ಹಿಂದೆ ಸರಿದಿದ್ದ. ನೋವಿನಲ್ಲಿದ್ದ ನಾಯಕ ಸೈಸ್ 21ನೇ ನಿಮಿಷಕ್ಕೆ ಹೊರನಡೆದ.

ಪಂದ್ಯ 2-0ಯಿಂದ ಹೋಯಿತು. ಸೋತ ಮೇಲೂ ಆಟಗಾರರು ಮೈದಾನದಲ್ಲಿ ಸುಜೂದ್ ಮಾಡಿದರು. ಗೆದ್ದಾಗ ಮಾಡುವುದು ಬೇರೆ, ಸೋತಾಗ ಮಾಡುವುದು ಬೇರೆ ಎಂದು ತಂಗಿ ಕಣ್ಣೊರೆಸಿಕೊಂಡಳು.

ನಿಜವಾದ ಆಟ ನಡೆದದ್ದು ಬೆಳಿಗ್ಗೆ. ಬಿಸಿಲು ಬಿದ್ದ ಕೂಡಲೇ ಕಣದಲ್ಲಿ ಕಾಫಿ ಹರಡಬೇಕು. ಹಲಗೆ ಎಳೆಯುತ್ತಲೇ ಹುಡುಗರ ಚರ್ಚೆ ಶುರುವಾಯಿತು. ಒಬ್ಬ ಹೇಳಿದ, "ಗಾಯದವನನ್ನು ಆಡಿಸಿದ್ದೇ ತಪ್ಪು." ಡ್ರೈವರನ ಮಗ, "ನಾಯಕ ಇಲ್ಲದೆ ಸೆಮಿಫೈನಲ್ ಆಡ್ತಾರಾ?" ಎಂದ. ಅಸ್ಸಾಮಿನವನೊಬ್ಬ ಹರುಕು ಮುರುಕು ಕನ್ನಡದಲ್ಲಿ, ಎಲ್ ಯಾಮಿಕ್ ಹಿಂದಕ್ಕೆ ವಾಲಿ ಹೊಡೆದ ಚೆಂಡು ಕಂಬಕ್ಕೆ ತಾಗದೆ ಒಳಗೆ ಹೋಗಿದ್ದರೆ ಕಥೆಯೇ ಬೇರೆ ಎಂದು ಕಣದ ಮೇಲೆಯೇ ವಾಲಿ ತೋರಿಸಿದ. ಕಾಫಿ ಚೆಲ್ಲಾಪಿಲ್ಲಿ. ರೈಟರ್ ಗದರಿದರು.

ಹುಡುಗಿ ಅಡುಗೆ ಮನೆಯ ಕಿಟಕಿಯ ಬಳಿ ರೊಟ್ಟಿ ತಟ್ಟುತ್ತಿದ್ದಳು. ಚಹಾಕ್ಕೆ ಬಂದ ಅಣ್ಣನಿಗೆ ಹೇಳಿದಳು: "ಸೈಸ್ ವಿಷಯ ಬಿಡು. ಐದು ಜನ ನಿಲ್ಲಿಸಿದ್ದು ತಪ್ಪು. ಅವನು ಹೊರಗೆ ಹೋಗಿ ಮತ್ತೆ ನಾಲ್ಕು ಮಾಡಿದ ಮೇಲೆ ಚೆಂಡು ನಮ್ಮ ಹತ್ತಿರವೇ ಇತ್ತು, ನೋಡಲಿಲ್ವಾ? ಬಂದ ದಾರಿಯನ್ನೇ ಬಿಟ್ಟರು."

ಅವನು ಚಹಾ ಹಿಡಿದು ಹೊರಗೆ ಹೋದ. ಐದು ನಿಮಿಷದಲ್ಲಿ ಅದೇ ಮಾತು, ಅದೇ ಶಬ್ದಗಳಲ್ಲಿ ಕಣದಲ್ಲಿ ಕೇಳಿಸಿತು. ಎಲ್ಲರೂ ತಲೆದೂಗಿದರು. "ನೀನು ಕೋಚ್ ಆಗಬೇಕಿತ್ತು ಮಾರಾಯ" ಎಂದ ಡ್ರೈವರನ ಮಗ. ನಾನು ಹುಡುಗಿಯ ಮುಖ ನೋಡಿದೆ. ಅವಳು ನಕ್ಕಳು. ಇದು ಮೊದಲ ಸಲವಲ್ಲ ಎಂಬಂತೆ.

ಸಹೋದರಿಯರೇ, ಆ ನಗು ನನಗೆ ಚುಚ್ಚಿತು. ಏಕೆಂದರೆ ನಾನು ಟೀಚರ್. ಆಟದ ಪೀರಿಯಡ್‌ನಲ್ಲಿ ಗಂಡು ಮಕ್ಕಳಿಗೆ ಚೆಂಡು ಕೊಟ್ಟು, ಹೆಣ್ಣು ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಕಸೂತಿ ಮಾಡಿಸಿದವಳು ನಾನೇ. ಯಾರೂ ಹೇಳಿ ಮಾಡಿಸಿದ್ದಲ್ಲ. ಹೊರಡುವ ದಿನ ಅವಳು ಕೇಳಿದಳು, "ಖಾಲಾ, ಮೊರೊಕ್ಕೊದಲ್ಲಿ ಹುಡುಗಿಯರ ತಂಡ ಇದೆಯಾ?" ನನಗೆ ಗೊತ್ತಿರಲಿಲ್ಲ. "ಇರಲಿಕ್ಕಿಲ್ಲ" ಎಂದುಬಿಟ್ಟೆ. ಗೊತ್ತಿಲ್ಲದ್ದನ್ನು ಇಲ್ಲವೆನ್ನುವ ಚಾಳಿ ನಮ್ಮ ವೃತ್ತಿಯವರಿಗೆ ಸ್ವಲ್ಪ ಹೆಚ್ಚು.

ಇತ್ತು. ಆ ವರ್ಷದ ಜುಲೈನಲ್ಲೇ ಆಫ್ರಿಕಾದ ಮಹಿಳಾ ಕಪ್‌ನ ಫೈನಲ್ ಆಡಿ, ಮೊದಲ ಸಲ ಮಹಿಳಾ ವಿಶ್ವಕಪ್ಪಿಗೆ ಅರ್ಹತೆ ಪಡೆದಿತ್ತು.

ನಡುವೆ ಒಂದು ಮಾತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ನಮ್ಮ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯವೆಂಬ ಹೆಸರಿದ್ದಾಗ ಗೆದ್ದದ್ದೇ ಕೊನೆ. ಫೋನಿನಲ್ಲಿ ತಂಗಿಯ ಮಗನನ್ನು ಕೇಳಿದರೆ ಅವನಿಗೆ ಒಬ್ಬ ಆಟಗಾರನ ಹೆಸರೂ ತಿಳಿಯದು! ಹಕೀಮಿ ಯಾವ ಕಾಲಿನಿಂದ ಒದೆಯುತ್ತಾನೆಂದು ಬಲ್ಲ.

ಅದೇ ವರ್ಷ ಜುಲೈ 29, ಮೊಹರಂ ರಜೆ, ಮರುದಿನ ಭಾನುವಾರ. ಮತ್ತೆ ಅದೇ ದಾರಿ ಹಿಡಿದೆ. ಮಳೆಗಾಲದ ಆ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಂಜು, ಜಿಗಣೆ, ಕಿಟಕಿಯಿಂದ ಒಳಗೆ ಬರುವ ನೀರು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಮೊರೊಕ್ಕೊ ಹುಡುಗಿಯರಿಗೂ ದಕ್ಷಿಣ ಕೊರಿಯಾಕ್ಕೂ ಪಂದ್ಯ.  ಸಿಗ್ನಲ್ ಸಿಗುವ ಒಂದೇ ಕಿಟಕಿಯಲ್ಲಿ ಮೊಬೈಲ್ ಇಟ್ಟು ಹುಡುಗಿ, ಅಣ್ಣ, ನಾನು, ತಂಗಿ ಕುಳಿತೆವು. ರೈಟರ್ ಜಗಲಿಯಲ್ಲಿ ಮಸ್ಟರ್ ಪುಸ್ತಕ ಬರೆಯುತ್ತಿದ್ದರು.

ಆರನೇ ನಿಮಿಷಕ್ಕೆ ಜ್ರೈದಿ ತಲೆಯಿಂದ ಗೋಲು ಹಾಕಿದಳು. ಹಿಂದೆ ಡಿಫೆನ್ಸ್‌ನಲ್ಲಿ ಬಿಳಿ ಹಿಜಾಬ್ ತೊಟ್ಟ ಒಬ್ಬಳು, ನುಹೈಲಾ ಬೆಂಝಿನಾ. ಮಹಿಳಾ ವಿಶ್ವಕಪ್ಪಿನಲ್ಲಿ ಹಿಜಾಬ್ ಧರಿಸಿ ಆಡಿದ ಮೊದಲಿಗಳು. ಸುರಕ್ಷತೆಯ ಕಾರಣವೊಡ್ಡಿ 2007ರಲ್ಲಿ ಫಿಫಾ ತಲೆವಸ್ತ್ರವನ್ನು ನಿಷೇಧಿಸಿತ್ತು, ಪೂರ್ತಿ ಅನುಮತಿ ಸಿಕ್ಕಿದ್ದು 2014ರಲ್ಲಿ. ಚಿತ್ರ ಆಗಾಗ ನಿಲ್ಲುತ್ತಿತ್ತು. ನಿಂತಾಗೆಲ್ಲ ತಂಗಿ, "ಆ ಬಿಳಿ ತಲೆಯವಳು ಎಲ್ಲಿ, ಸರಿಯಾಗಿ ನಿಂತಿದ್ದಾಳಾ?" ಎಂದು ಕೇಳುತ್ತಿದ್ದಳು. ತಮ್ಮ ಹುಡುಗಿಯೇ ಏನೋ ಎಂಬಂತೆ. ಮೊದಲ ಪಂದ್ಯದಲ್ಲಿ ಜರ್ಮನಿಗೆ 6-0ಯಿಂದ ಸೋತಿದ್ದ ತಂಡ ಅಂದು 1-0ಯಿಂದ ಗೆದ್ದಿತು.

ಮಧ್ಯಾಹ್ನ ಮಳೆ ಇನ್ನೂ ಜೋರಾಯಿತು. ಹುಡುಗರು ಗೋದಾಮಿನ ಮಾಡಿನಡಿ ಸೇರಿದ್ದರು. ಆರು ಗೋಲು ತಿಂದವರು ಒಂದೇ ವಾರದಲ್ಲಿ ಒಂದೂ ಬಿಟ್ಟುಕೊಡದೆ ಹೇಗೆ ಗೆದ್ದರು ಎಂಬುದೇ ಅಲ್ಲಿನ ಜಗಳ. ಜರ್ಮನಿಯೆದುರು ಸೋತದ್ದಕ್ಕೂ ಕೊರಿಯಾದೆದುರು ಗೆದ್ದದ್ದಕ್ಕೂ ಅದೃಷ್ಟವೇ ಕಾರಣ ಎಂದು ಡ್ರೈವರನ ಮಗನ ವಾದ. ತಂಗಿಯ ಮಗ ಸ್ವಲ್ಪ ಹೊತ್ತು ಏನೋ ಹೇಳಲು ನೋಡಿದ, ಆಗಲಿಲ್ಲ. ಅಲ್ಲಿಂದಲೇ ಮನೆಯ ಕಡೆ ಕೂಗಿದ: "ಏಯ್, ಬಾ ಇಲ್ಲಿ. ಇವರಿಗೆ ನೀನೇ ಹೇಳು. ಡಿಸೆಂಬರ್‌ನಲ್ಲೂ ಹೇಳಿದ್ದು ಇವಳೇ, ನಾನಲ್ಲ."

ಹುಡುಗಿ ಬಾಗಿಲಿನವರೆಗೆ ಹೋಗಿ ನಿಂತಳು. ಜಗಲಿಯಲ್ಲಿ ಅಬ್ಬಾ ಇದ್ದರಲ್ಲ. ಅವರು ಮಸ್ಟರ್ ಪುಸ್ತಕದಿಂದ ತಲೆ ಎತ್ತಲಿಲ್ಲ. ತಂಗಿ ನನ್ನನ್ನು ನೋಡಿದಳು. ನಾನು ಅಕ್ಕಿ ಆರಿಸುವುದನ್ನು ನಿಲ್ಲಿಸಿದೆ.

"ಛತ್ರಿ ತಗೊಂಡು ಹೋಗು" ಎಂದರು ರೈಟರ್.