ಬೆಟ್ಟದ ನೆತ್ತಿಯ ಕಲ್ಲುಗೋರಿಗಳು

ಕೊಯಮತ್ತೂರಿನಿಂದ ಮೇಟ್ಟುಪಾಳಯಕ್ಕೆ ಸುಮಾರು 35 ಕಿಲೋಮೀಟರು. ಅಲ್ಲಿಂದ ಮುಂದೆ ಅಡಕೆ ತೋಟಗಳ ನೆರಳು ಕಳೆಯುತ್ತಲೇ ರಸ್ತೆ ನೀಲಗಿರಿಯನ್ನೇರತೊಡಗುತ್ತದೆ. 1868ರಲ್ಲಿ ಬೇರೆಯಾಗುವ ತನಕ ಈ ಬೆಟ್ಟಸೀಮೆಯ ಆಡಳಿತವೂ ಕೊಯಮತ್ತೂರು ಜಿಲ್ಲೆಯದೇ ಆಗಿತ್ತು. ಕನ್ನಡ ಶಾಲೆಯ ಮಕ್ಕಳಿಗೆ ಇಲ್ಲಿನ ಹೆಸರುಗಳು ಪರಕೀಯವೆನಿಸುವುದಿಲ್ಲ. ದೊಡ್ಡಬೆಟ್ಟವೆಂದರೆ ದೊಡ್ಡಬೆಟ್ಟವೇ, ಬಡಗರೆಂದರೆ ಬಡಗು ದಿಕ್ಕಿನಿಂದ ಬಂದವರು, ಅವರ ನುಡಿ ಕನ್ನಡದ ಒಡಹುಟ್ಟು.

ಪ್ರವಾಸಿಗರು ಸಾಮಾನ್ಯವಾಗಿ ಉದಕಮಂಡಲದ ಕೆರೆ, ಹೂದೋಟಗಳನ್ನು ಕಂಡು ಮರಳುತ್ತಾರೆ. ಅದಕ್ಕಿಂತ ಹಳೆಯದಾದ ನೀಲಗಿರಿಯು ಹುಲ್ಲು ಬೆಳೆದ ನೆತ್ತಿಗಳ ಮೇಲಿದೆ. ಅಲ್ಲಲ್ಲಿ ಒರಟು ಕಲ್ಲುಗಳನ್ನು ಬಳೆಯಾಕಾರದಲ್ಲಿ ನಿಲ್ಲಿಸಿದ್ದಾರೆ. ಕೆಲವೆಡೆ ಗಾರೆಯಿಲ್ಲದೆ ಕಟ್ಟಿದ ದುಂಡುಗೋಡೆ, ಬಾವಿಯ ಕಟ್ಟೆಯಂತೆ. ಒಳಗೆ ಮಣ್ಣು, ಮಣ್ಣಿನಡಿ ಚಪ್ಪಡಿ, ಚಪ್ಪಡಿಯಡಿ ಮಡಕೆ, ಮಡಕೆಯಲ್ಲಿ ಸುಟ್ಟೆಲುಬಿನ ಚೂರುಗಳು. ಸತ್ತವರಿಗೆ ಊರ ಹೊರಗಿನ ತಗ್ಗನ್ನಲ್ಲದೆ ಎಲ್ಲಕ್ಕಿಂತ ಎತ್ತರದ ಜಾಗವನ್ನೇ ಆರಿಸಿಕೊಟ್ಟ ಜನರವರು.

ಕ್ಯಾಪ್ಟನ್ ಕಾಂಗ್ರೀವ್ ಎಂಬವನು 1847ರಲ್ಲಿ ಈ ಗೋರಿಗಳ ಕುರಿತು ಬರೆದನು. ಆದರೆ ಹೆಚ್ಚು ಅಗೆದವನು ನೀಲಗಿರಿಯ ಮೊದಲ ಕಮಿಷನರ್ ಜೇಮ್ಸ್ ವಿಲ್ಕಿನ್ಸನ್ ಬ್ರೀಕ್ಸ್. ಅವನಿಗೆ ದೊರೆತುದು ಅಲ್ಪವಲ್ಲ: ಕಬ್ಬಿಣದ ಭರ್ಜಿ, ಕುಡುಗೋಲು, ಕಂಚಿನ ಬಟ್ಟಲು, ಚಿನ್ನದೊಡವೆ. ಎಲ್ಲಕ್ಕಿಂತ ಮನಸೆಳೆಯುವವು ಮಡಕೆಯ ಮುಚ್ಚಳಗಳ ಮೇಲಿನ ಮಣ್ಣಿನ ಗೊಂಬೆಗಳು. ಕೊಂಬು ಬಾಗಿದ ಎಮ್ಮೆ, ನವಿಲು, ಕುದುರೆಯೇರಿದ ಸವಾರ. ಎಮ್ಮೆಯನ್ನು ಮಾಡಿದ ಕೈ ಎಮ್ಮೆಯನ್ನು ದಿನವೂ ಕಂಡಿತ್ತೆಂಬುದರಲ್ಲಿ ಸಂದೇಹವಿಲ್ಲ. ಗೋರಿಗಳು ತೋಡರ ಪೂರ್ವಿಕರವೆಂದು ಬ್ರೀಕ್ಸ್ ನಂಬಿದ್ದನು. ಮುಂದಿನ ವಿದ್ವಾಂಸರೆಲ್ಲರೂ ಅದನ್ನೊಪ್ಪಲಿಲ್ಲ. 1872ರಲ್ಲಿ ಆತನು ತೀರಿಕೊಂಡನು. ಪುಸ್ತಕವು ಮರುವರ್ಷ, ಪತ್ನಿಯ ಮುತುವರ್ಜಿಯಿಂದ ಹೊರಬಂದಿತು.

ಕಾನೂನಿನ ಕಣ್ಣಿಗೆ ಇಲ್ಲೊಂದು ವಿಚಿತ್ರವಿದೆ. ಅಗೆದವನೂ ಜಿಲ್ಲೆಯ ಅಧಿಕಾರಿಯೇ, ತಡೆಯಬೇಕಾಗಿದ್ದವನೂ ಆತನೇ. ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಕಂಡವನು ಕಲೆಕ್ಟರಿಗೆ ತಿಳಿಸಬೇಕೆಂಬ ನಿಕ್ಷೇಪ ಕಾಯಿದೆ ಬಂದುದು 1878ರಲ್ಲಿ. ಪ್ರಾಚೀನ ಸ್ಮಾರಕಗಳ ರಕ್ಷಣೆಯ ಕಾಯಿದೆ 1904ರಲ್ಲಿ. ಅಷ್ಟರೊಳಗೆ ನೀಲಗಿರಿಯ ಚಿನ್ನವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿಯಾಗಿತ್ತು. ಇಂದಿನ ನಿಯಮದಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು. ಆದರೆ ಆ ರಕ್ಷಣೆ ಪಟ್ಟಿಗೆ ಸೇರಿದ ಸ್ಮಾರಕಗಳಿಗೆ ಮಾತ್ರ. ಹೆಸರಿಲ್ಲದ ನೆತ್ತಿಯ ಮೇಲಿನ ಹೆಸರಿಲ್ಲದ ಕಲ್ಲಿಗೆ ಯಾವ ಕಾಯಿದೆಯ ಕಾವಲು? ಚಹಾ ತೋಟದ ಅಂಚಿಗೋ ಮನೆಯ ತಳಪಾಯಕ್ಕೋ ಬೇಕಾದ ಕಲ್ಲು ಅಲ್ಲೇ ಸಿದ್ಧವಾಗಿ ನಿಂತಿರುವಾಗ, ದೂರದ ಗಣಿಗೆ ಹೋಗುವ ವ್ಯವಧಾನ ಎಲ್ಲರಿಗೂ ಇರದು.

ಬೇಸಿಗೆ ರಜೆಯಲ್ಲಿ ಈ ಕಡೆ ಬರುವ ಕುಟುಂಬಗಳು ಮುಂಜಾನೆ, ಮಂಜು ಕವಿಯುವ ಮುನ್ನ, ಊರವರೊಬ್ಬರನ್ನು ಜೊತೆಗೂಡಿಸಿಕೊಂಡು ಹತ್ತುವುದು ಲೇಸು. ಅರಣ್ಯದ ಭಾಗವಾದರೆ ಇಲಾಖೆಯ ಅನುಮತಿಯೂ ಬೇಕು. ಮಕ್ಕಳು ಕಲ್ಲಿನ ಮೇಲೆ ಹತ್ತದಿರಲಿ, ಮಡಕೆಯ ಚೂರನ್ನು ಕಿಸೆಗೆ ಹಾಕದಿರಲಿ. ಮಣ್ಣಿನ ಎಮ್ಮೆಗಳನ್ನು ನೋಡಬಯಸುವವರು ಚೆನ್ನೈಗೆ ಹೋದಾಗ ಎಳುಂಬೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಬ್ರೀಕ್ಸನ ಸಂಗ್ರಹದ ಒಂದು ಪಾಲು ಅಲ್ಲಿ ಉಳಿದುಕೊಂಡಿದೆ.