ನೀರು ಹೆಂಗೈತೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ. ನಾವು ಮೂವರು ಮೂರು ತಾಲ್ಲೂಕಿನವರು, ಹಾಸ್ಟೆಲಲ್ಲಿ ಒಂದೇ ರೂಮು. ಊರಿಗೆ ಹೋದರೆ ಬರೀ ಕೊಬ್ಬರಿ ರೇಟು, ನುಸಿಪೀಡೆಯ ಮಾತು. ಹೋದ ಡಿಸೆಂಬರಲ್ಲಿ ಮಾತ್ರ ಮೀನಿನ ಮಾತು ಬಂತು.

ತುರುವೇಕೆರೆಯವನ ತೋಟದಲ್ಲಿ ಕೃಷಿ ಹೊಂಡ ಇದೆ. ತೆಂಗಿಗೂ ನೀರು, ಜೊತೆಗೆ ಕಾಟ್ಲಾ, ರೋಹು ಸಾಕಣೆ. ಅವರಪ್ಪ ಹೊಂಡಕ್ಕೆ ಸಗಣಿ ಹಾಕ್ತಿದ್ರು. ಅದರಿಂದ ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲೋ ಸೂಕ್ಷ್ಮ ಪಾಚಿ ಬೆಳೆದು ಮೀನಿಗೆ ಮೇವಾಗುತ್ತೆ. "ನೀರು ಆಗ್ಲೇ ಕಡು ಹಸಿರಾಗೈತೆ, ಸಗಣಿ ಸಾಕೇನ್ರಪ್ಪಾ?" ಅಂತ ಕೇಳಿದ್ರು. ನಾವು ಇಂಜಿನಿಯರುಗಳಲ್ವಾ! "ಚಳೀಲಿ ಪಾಚಿ ಬೆಳೆಯಲ್ಲ, ಇನ್ನಷ್ಟು ಹಾಕಿ" ಅಂದ್ವಿ.

ಆಮೇಲೆ ಮೂರು ದಿನ ಮೋಡ, ಜಿಟಿಜಿಟಿ ಮಳೆ. ನಾಲ್ಕನೇ ದಿನ ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಡೀತಿದ್ವು. ಹೊತ್ತೇರುವಷ್ಟರಲ್ಲಿ ಅರ್ಧಕ್ಕರ್ಧ ಸತ್ತು ತೇಲಿದ್ವು. ಅವರಪ್ಪ ನಮಗೆ ಒಂದು ಮಾತೂ ಅನ್ನಲಿಲ್ಲ. ತೆಂಗಿನ ಬುಡದಲ್ಲಿ ಗುಂಡಿ ತೋಡಿ ಹೂತರು. ಅಜ್ಜಿ ಮಾತ್ರ, "ರಾತ್ರಿ ಹುಣಸೆ ಮರದಡಿ ಮಲಗಬ್ಯಾಡಿ ಅಂತೀವಲ್ಲ, ನೀರಾಗಿನ ಹಸಿರೂ ಹಂಗೇ ಇರಬೇಕು ಕಣ್ರೋ" ಅಂದ್ರು.

ನೀರಿನ ಮಟ್ಟಿಗೆ ಅಜ್ಜಿ ಮಾತು ಸರಿ. ಪ್ಲಾಂಕ್ಟನ್ ಬಿಸಿಲಲ್ಲಿ ಆಮ್ಲಜನಕ ಕೊಡುತ್ತೆ, ಕತ್ತಲಲ್ಲಿ ಬಳಸುತ್ತೆ. ಸಗಣಿ ಕೊಳೆಯೋಕೂ ಆಮ್ಲಜನಕ ಬೇಕು. ಮೋಡ ಮುಚ್ಚಿದ್ರೆ ಹಗಲಿನ ಆದಾಯ ಕಮ್ಮಿ, ರಾತ್ರಿಯ ಖರ್ಚು ನಿಲ್ಲಲ್ಲ. ಬೆಳಗಿನ ಜಾವಕ್ಕೆ ಖಾತೆ ಖಾಲಿ.

ನಮ್ಮ "ಚಳೀಲಿ ಬೆಳೆಯಲ್ಲ" ಎಷ್ಟು ದೊಡ್ಡ ತಪ್ಪು ಅಂತ ಆಮೇಲೆ ಓದಿ ತಿಳಿಯಿತು. 2019-20ರಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗು ಆರ್ಕ್ಟಿಕ್ ಸಮುದ್ರದ ಹಿಮಗಡ್ಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ತೇಲಿತು. ಗಡ್ಡೆ ಕೆಳಗಿನ ನೀರು ಸುಮಾರು ಮೈನಸ್ 1.8 ಡಿಗ್ರಿ. 2020ರ ಮಾರ್ಚ್ ಕೊನೆಗೆ ದೀರ್ಘ ರಾತ್ರಿ ಮುಗಿದು, ಸೂರ್ಯ ಇನ್ನೂ ದಿಗಂತದ ಅಂಚಲ್ಲೇ ಇದ್ದ. ಹಿಮ ದಾಟಿ ಇಳಿದ ಅತ್ಯಲ್ಪ ಬೆಳಕಲ್ಲೇ ಅಲ್ಲಿನ ಪ್ಲಾಂಕ್ಟನ್ ಬೆಳೆಯತೊಡಗಿತ್ತು. ಅಲ್ಲಿನ ಜಾತಿ ಬೇರೆ, ನಿಜ. ಆದರೆ ಆ ಚಳಿಗೇ ಜಗ್ಗದ ಕುಲ, ನಮ್ಮ ಕಡೆಯ ಡಿಸೆಂಬರ್‌ಗೆ ಸುಮ್ಮನಿರುತ್ತಾ?

ಈಗ ಬಿಳಿ ತಟ್ಟೆಗೆ ಹಗ್ಗ ಕಟ್ಟಿ ಹೊಂಡಕ್ಕೆ ಇಳಿಬಿಡ್ತಾರೆ. 20 ಸೆಂಟಿಮೀಟರ್ ಒಳಗೇ ಕಣ್ಮರೆಯಾದ್ರೆ ಸಗಣಿ ಬಂದ್. ಮೋಡ ಇದ್ದರೆ ಬೆಳಗಿನ ಜಾವ ಪಂಪ್ ಹಾಕಿ ಅದೇ ನೀರನ್ನ ಮೇಲಿಂದ ಸುರಿಸ್ತಾರೆ. ಇಲ್ಲಿ ಆಕಾಶ ಕಪ್ಪಾದಾಗೆಲ್ಲ ನಮ್ಮಲ್ಲಿ ಒಬ್ಬರು ಅವರಪ್ಪನಿಗೆ ಫೋನ್ ಮಾಡ್ತೀವಿ. ಸಲಹೆ ಕೊಡೋಕಲ್ಲ, ಕೇಳೋಕೆ: "ನೀರು ಹೆಂಗೈತೆ?"