ಅಜ್ಜನ ಕೆನ್ನೆಯ ಕಲೆ

ನಮ್ಮಜ್ಜನಿಗೆ ಫೋಟೋ ಅಂದ್ರೆ ಆಗ್ತಿರಲಿಲ್ಲ. ಆಧಾರ್ ಕಾರ್ಡು, ಪಾಸ್‌ಬುಕ್ಕು, ಎಲ್ಲದರಲ್ಲೂ ಯಾರ ಮೇಲೋ ಸಿಟ್ಟು ಮಾಡ್ಕೊಂಡವರ ಹಾಗೇ ಕೂತಿದ್ದಾರೆ. ನಗುವ ಫೋಟೋ ಇದ್ದದ್ದು ಒಂದೇ. 1987ರಲ್ಲಿ ದೊಡ್ಡ ಮಾವನ ಮದುವೆ ಚಪ್ಪರದಲ್ಲಿ ತೆಗೆದದ್ದು. ಅದರಲ್ಲೂ ಎಡಗೆನ್ನೆಯಿಂದ ಗದ್ದದವರೆಗೆ ಮಡಿಕೆ ಬಿದ್ದ ಗೆರೆ, ಮುಖದ ತುಂಬಾ ಬೂಷ್ಟು ಹಿಡಿದ ಬಿಳಿ ಚುಕ್ಕೆ.

ಅಜ್ಜ ಹೋದ ಏಳನೇ ದಿನ ಅಮ್ಮ ಅರಸೀಕೆರೆಯಿಂದ ಅದನ್ನ ಸ್ಕ್ಯಾನ್ ಮಾಡಿಸಿ ಕಳಿಸಿದಳು. "ತಿಥಿಗೆ ಇದನ್ನೇ ಫ್ರೇಮ್ ಹಾಕಿಸ್ಬೇಕಂತೆ. ನಿಮ್ಮಜ್ಜಿ ಒಂದೇ ಹಟ. ನಿಂಗೆ ಫೋಟೋಶಾಪ್ ಬರುತ್ತಲ್ಲೇ?"

ಬರುತ್ತೆ ಅಂದೆ. ಕಾಲೇಜ್ ಫೆಸ್ಟ್‌ಗೆ ಪೋಸ್ಟರ್ ಮಾಡಿದ ಧೈರ್ಯ. ಹತ್ತನೇ ದಿನ ಬೆಳಗ್ಗೆ ಸ್ಟುಡಿಯೋದವರಿಗೆ ಫೈಲ್ ತಲುಪಿದರೆ ಮಾತ್ರ ಹನ್ನೊಂದನೇ ದಿನಕ್ಕೆ ಫ್ರೇಮ್. ಆಫೀಸು ಮುಗಿಸಿ ರೂಮಿಗೆ ಬಂದ ಮೇಲೆ ನನಗಿದ್ದದ್ದು ಎರಡು ರಾತ್ರಿ.

ಇಂಥ ಕೆಲಸಕ್ಕೆ ಇರೋದೇ ಹೀಲಿಂಗ್ ಬ್ರಶ್. 2002ರಲ್ಲಿ ಫೋಟೋಶಾಪ್‌ನ ಏಳನೇ ಆವೃತ್ತಿಯಲ್ಲಿ ಬಂದದ್ದು. ಆಲ್ಟ್ ಒತ್ತಿಕೊಂಡು ಚೆನ್ನಾಗಿರೋ ಚರ್ಮದ ಮೇಲೆ ಒಂದು ಕ್ಲಿಕ್, ಆಮೇಲೆ ಕಲೆಯ ಮೇಲೆ ಉಜ್ಜಿದರಾಯ್ತು. ಕ್ಲೋನ್ ಸ್ಟ್ಯಾಂಪ್ ಇದ್ದದ್ದನ್ನ ಇದ್ದ ಹಾಗೇ ಎತ್ತಿ ಅಂಟಿಸುತ್ತೆ, ತೇಪೆ ಎದ್ದು ಕಾಣುತ್ತೆ. ಇದು ಹಾಗಲ್ಲ, ಅಂಟಿಸೋ ಜಾಗದ ಬೆಳಕು ನೆರಳಿಗೆ ಹೊಂದಿಸುತ್ತೆ.

ಮೊದಲ ರಾತ್ರಿ ಅದು ಏನೂ ಮಾಡಲಿಲ್ಲ. ಮೂಲ ಫೋಟೋ ಕೆಡಬಾರದು ಅಂತ ಮೇಲೊಂದು ಖಾಲಿ ಲೇಯರ್ ಹಾಕಿ ಅದರ ಮೇಲೆ ಉಜ್ಜುತ್ತಿದ್ದೆ. ಅರ್ಧ ಗಂಟೆ ಆದಮೇಲೆ ಕಂಡಿದ್ದು, ಮೇಲಿನ ಪಟ್ಟಿಯಲ್ಲಿ 'ಸ್ಯಾಂಪಲ್' ಅನ್ನೋ ಕಡೆ 'ಕರೆಂಟ್ ಲೇಯರ್' ಅಂತಿದೆ. ಖಾಲಿ ಲೇಯರ್‌ನಿಂದ ಅದು ಏನನ್ನ ತಗೊಳ್ಳಬೇಕು ಪಾಪ? 'ಕರೆಂಟ್ ಆಂಡ್ ಬಿಲೋ' ಅಂತ ಬದಲಾಯಿಸಿದ ತಕ್ಷಣ ಬ್ರಶ್ಶಿಗೆ ಜೀವ ಬಂತು. ಹಣೆಯ ಚುಕ್ಕೆ, ಚಪ್ಪರದ ಮೂಲೆ ಎಲ್ಲಾ ಸರಿ ಮಾಡಿ, ಒಂದೂವರೆಗೆ ಲ್ಯಾಪ್‌ಟಾಪ್ ಹಾಗೇ ಮುಚ್ಚಿಟ್ಟು ಮಲಗಿದೆ.

ಎರಡನೇ ರಾತ್ರಿ, ಕೆನ್ನೆಯ ಗೆರೆ ಬಾಕಿ. ಬ್ರಶ್ ಮತ್ತೆ ಸತ್ತಿತ್ತು. ಸ್ಯಾಂಪಲ್ ನೋಡಿದೆ, ಸರಿಯಾಗೇ ಇದೆ. ಆಲ್ಟ್ ಕ್ಲಿಕ್ ಮರೆತಿದ್ದರೆ ಅದೇ ಬೈಯುತ್ತೆ, ಬೈಯಲೂ ಇಲ್ಲ. ಕ್ಯಾಪ್ಸ್ ಲಾಕ್ ನೋಡಿದೆ. ಅದು ಆನ್ ಇದ್ದರೆ ಬ್ರಶ್ಶಿನ ದುಂಡು ಮಾಯವಾಗಿ ಬರೀ ಕೂಡು ಗುರುತು ಬರುತ್ತೆ. ಅದೂ ಅಲ್ಲ. ಟೂಲ್ ರೀಸೆಟ್ ಮಾಡಿದೆ, ಸ್ಯಾಂಪಲ್ ಹಳೇ ಕಡೆಗೇ ಹೋಯ್ತು, ಮತ್ತೆ ಬದಲಾಯಿಸಿದೆ. ಉಹುಂ. ಆಫ್ ಮಾಡಿ ಆನ್ ಮಾಡೋಣ ಅಂದ್ರೆ ಈ ಹಳೇ ಲ್ಯಾಪ್‌ಟಾಪ್ ಮತ್ತೆ ಏಳುತ್ತೋ ಇಲ್ವೋ ಅನ್ನೋ ಭಯ.

ಹನ್ನೊಂದು ಗಂಟೆಗೆ ಅಳು ಬಂತು. ಬ್ರಶ್ಶಿಗೋಸ್ಕರ ಅಂತ ಆಗ ಅಂದುಕೊಂಡಿದ್ದೆ. ಮೂರು ದಿನ ರಜೆ ಹಾಕಿ, ಮಣ್ಣು ಮಾಡಿ ಬಂದು, ಮಾರನೇ ದಿನವೇ ಮೀಟಿಂಗ್‌ನಲ್ಲಿ ಕೂತಿದ್ದೆ. ಅಳೋಕೆ ಪುರುಸೊತ್ತೇ ಆಗಿರಲಿಲ್ಲ.

ಫೈಲ್ ತಡ ಆಗುತ್ತೆ ಅಂತ ಹೇಳೋಕೆ ಸ್ಟುಡಿಯೋದವರಿಗೆ ವಾಟ್ಸಾಪ್ ಮಾಡಿದರೆ ಅವರೇ ಫೋನ್ ಮಾಡಿದರು. ಯಾವುದೋ ಮದುವೆ ಆಲ್ಬಮ್ ಮಾಡ್ತಾ ಎದ್ದಿದ್ದರಂತೆ.

"ಅಣ್ಣಾ, ಬ್ರಶ್ ಉಜ್ಜಿದ್ರೆ ಏನೂ ಆಗ್ತಿಲ್ಲ."

"ಕಂಟ್ರೋಲ್ ಡಿ ಹೊಡೀರಿ ಮೇಡಂ ಒಂದ್ಸಲ."

ಒತ್ತಿದೆ. ಉಜ್ಜಿದೆ. ಗೆರೆ ಕರಗಿತು.

"ಎಲ್ಲೋ ಸೆಲೆಕ್ಷನ್ ಉಳ್ಕೊಂಡಿರುತ್ತೆ, ಅಷ್ಟೇ. ನಾನೂ ಎಷ್ಟೋ ಸಲ ಒದ್ದಾಡಿದೀನಿ" ಅಂದರು. ಆಗ ನೆನಪಾಯ್ತು. ಹಿಂದಿನ ರಾತ್ರಿ ಚಪ್ಪರದ ಮೂಲೆಯನ್ನ ಸೆಲೆಕ್ಟ್ ಮಾಡಿ, ಇರುವೆ ಸಾಲಿನ ಹಾಗೆ ಓಡೋ ಆ ಚುಕ್ಕಿ ಗೆರೆ ಕಣ್ಣಿಗೆ ಕಿರಿಕಿರಿ ಅಂತ ಕಂಟ್ರೋಲ್ ಎಚ್ ಒತ್ತಿ ಮರೆಮಾಡಿದ್ದೆ. ಗೆರೆ ಮರೆಯಾಗುತ್ತೆ, ಸೆಲೆಕ್ಷನ್ ಹೋಗಲ್ಲ. ಆ ಮೂಲೆ ಬಿಟ್ಟು ಬೇರೆಲ್ಲಿ ಉಜ್ಜಿದರೂ ಬ್ರಶ್ ಸುಮ್ಮನಿರುತ್ತೆ. ಒಂದು ಮಾತು ಹೇಳಬಾರದಾ ಅದು!

ಆಮೇಲೆ ನನ್ನನ್ನ ಹಿಡಿಯೋರೇ ಇಲ್ಲ. ಗೆರೆ ಹೋಯ್ತು, ಚುಕ್ಕೆ ಹೋದವು. ಅಮ್ಮನ ಫೋನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅಮ್ಮನ ಕಾಲ್, ಮಾತಾಡಿದ್ದು ಅಜ್ಜಿ.

"ಬಲಗಣ್ಣಿನ ಕೆಳಗಿಂದು ಎಲ್ಲವ್ವಾ?"

"ಏನಜ್ಜಿ?"

"ಕಲೆ. ಕೊಬ್ಬರಿ ಒಡೆಯೋವಾಗ ಚಿಪ್ಪು ಸಿಡಿದು ಆಗಿತ್ತಲ್ಲ. ನಾನು ಮದುವೆಯಾಗಿ ಬಂದಾಗ್ಲೇ ಇತ್ತು."

ಬೂಷ್ಟಿನ ಚುಕ್ಕೆ ಅಂತ ಅದನ್ನೂ ಒರೆಸಿಬಿಟ್ಟಿದ್ದೆ. ಇಪ್ಪತ್ತೇಳು ವರ್ಷ ನೋಡಿದ ಮುಖ. ಅಲ್ಲೊಂದು ಕಲೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಕೆಲಸ ಎಲ್ಲಾ ಬೇರೆ ಲೇಯರ್‌ನಲ್ಲಿ ಇದ್ದಿದ್ದಕ್ಕೆ ಬಚಾವ್. ಎರೇಸರ್ ತಗೊಂಡು ಅಷ್ಟು ಜಾಗದ ತೇಪೆ ಮಾತ್ರ ಅಳಿಸಿದೆ. ಕೆಳಗಿನ ಫೋಟೋದಿಂದ ಅಕ್ಕಿಕಾಳಿನಷ್ಟು ಬಿಳಿ ಗುರುತು ಮೇಲೆ ಬಂತು. ಮತ್ತೆ ಕಳಿಸಿದೆ. ಅಜ್ಜಿ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಹ್ಞೂಂ, ಮಲಗವ್ವ, ಹೊತ್ತಾಯ್ತು" ಅಂದಳು.

ಬೆಳಗ್ಗೆ ಎಂಟಕ್ಕೆ ಸ್ಟುಡಿಯೋದವರ ಫೋನ್. "ಚೆನ್ನಾಗಿ ಮಾಡಿದೀರ ಮೇಡಂ. ಕಣ್ಣಿನ ಕೆಳಗೆ ಒಂದು ಕಲೆ ಉಳ್ಕೊಂಡುಬಿಟ್ಟಿದೆ, ನಾನೇ ತೆಗೆದುಬಿಡ್ಲಾ?"

"ಬೇಡಣ್ಣಾ" ಅಂದೆ. "ಅದು ಇರಲಿ."